ನೀವುವ ಕೈಗೆ ಒಪ್ಪಿಗೆಯ ಚೀಟಿ

ಕಳೆದ ವರ್ಷ ಮಳೆಗಾಲದಲ್ಲಿ ಕಾಲೇಜಿನ ಮೆಟ್ಟಿಲ ಮೇಲೆ ಜಾರಿಬಿದ್ದು ನನ್ನ ಬಲಗೈಯ ಮಣಿಕಟ್ಟು ಮುರಿಯಿತು. ಆಸ್ಪತ್ರೆಯವರು ಮೂಳೆ ಕೂಡಿಸಿ ಕಟ್ಟು ಹಾಕಿದರು. ಆರು ವಾರ ಕಳೆದು ಕಟ್ಟು ಬಿಚ್ಚಿದಾಗ ಕೈ ಇತ್ತು, ಅದರ ಬಳಕೆ ಇರಲಿಲ್ಲ. ಸೀಮೆಸುಣ್ಣ ಹಿಡಿದರೆ ಬೆರಳು ಒಂದು ಕಡೆ, ಮಣಿಕಟ್ಟು ಒಂದು ಕಡೆ. ದಿನ ಬಿಟ್ಟು ದಿನ ಫಿಸಿಯೋಥೆರಪಿಗೆ ಹೋಗಿ ನೀವಿಸಿಕೊಂಡು ಬರುತ್ತಿದ್ದೆ. ಆ ಖರ್ಚನ್ನು ಕೊಡಬೇಕಾದ ವಿಮೆಯ ಕಂಪನಿಯವರು ನನ್ನ ಅರ್ಜಿಯನ್ನು ಎರಡು ಸಲ ಹಿಂದಿರುಗಿಸಿದರು. ಮೊದಲನೆಯ ಸಲದ ಕಾರಣ: ಎಷ್ಟು ಸಲ ನೀವಿಸಿಕೊಳ್ಳಬೇಕೆಂದು ಡಾಕ್ಟರು ಚೀಟಿಯಲ್ಲಿ ಬರೆದಿಲ್ಲ. ಎರಡನೆಯ ಸಲದ ಕಾರಣ: ಬರೆದಿದ್ದಾರೆ, ಆದರೆ ಚೀಟಿಯ ತಾರೀಖು ನೀವಿಸಿಕೊಳ್ಳಲು ತೊಡಗಿದ ಮೇಲಿನದು. ಕೈಯ ನೋವಿಗಿಂತ ಇದು ಹೆಚ್ಚು ನೋಯಿಸಿತೆಂದರೆ ಅತಿಶಯೋಕ್ತಿಯಲ್ಲ.

ಕೈಕಟ್ಟಿಕೊಂಡು ಮನೆಯಲ್ಲಿ ಕುಳಿತಿದ್ದ ಆ ದಿನಗಳಲ್ಲಿ ಮಗ ಒಂದು ಹಳೆಯ ಜಪಾನೀ ಚಲನಚಿತ್ರ ತೋರಿಸಿದ. ೧೯೬೨ರಲ್ಲಿ ತೆರೆಗೆ ಬಂದ ‘ಜಾತೋಇಚಿ’ಯ ಕಥೆ ಅದು. ನಾಯಕ ಕುರುಡ, ಊರಿಂದೂರಿಗೆ ನಡೆದು, ದಣಿದವರ ಮೈ ನೀವಿ ಹೊಟ್ಟೆ ಹೊರೆಯುವವನು, ಅವನ ಊರುಗೋಲಿನೊಳಗೆ ಒಂದು ಕತ್ತಿ. ಕತ್ತಿ ಕಥೆಗಾರನ ಕಲ್ಪನೆ. ಆದರೆ ಮೈ ನೀವುವ ಕುರುಡ ಕಲ್ಪನೆಯಲ್ಲ. ಆ ದೇಶದ ಬೀದಿಗಳಲ್ಲಿ ಶತಮಾನಗಳ ಕಾಲ ನಡೆದಾಡಿದವನು. ಅವನು ಮುಂದೆ ಏನಾದನೆಂಬ ಕುತೂಹಲದಿಂದ ಪುಸ್ತಕಗಳನ್ನು ತಿರುವಿ ಹಾಕಿದೆ. ನೋಡಿದರೆ, ನನ್ನ ಎರಡು ಅರ್ಜಿಗಳ ಪಾಡೇ ಅಲ್ಲಿ ಒಂದು ಶತಮಾನದ ಚರಿತ್ರೆಯಾಗಿ ಹಬ್ಬಿಕೊಂಡಿತ್ತು.

ಜಪಾನಿನಲ್ಲಿ ಈ ವಿದ್ಯೆಗೆ ‘ಅನ್ಮಾ’ ಎಂದು ಹೆಸರು. ಒತ್ತುವುದು ಮತ್ತು ತಿಕ್ಕುವುದು ಎಂಬ ಅರ್ಥದ ಎರಡು ಚೀನೀ ಅಕ್ಷರಗಳು ಸೇರಿ ಆದ ಮಾತು. ವಿದ್ಯೆಯೂ ಚೀನದಿಂದಲೇ ಬಂದದ್ದು. ಎಂಟನೆಯ ಶತಮಾನದ ಆದಿಯಲ್ಲಿ ರಚಿತವಾದ ರಾಜಶಾಸನಗಳಲ್ಲಿಯೇ ಅರಮನೆಯ ವೈದ್ಯಶಾಲೆಗೆ ಅಂಗಮರ್ದನದ ಅಧ್ಯಾಪಕರನ್ನು ನೇಮಿಸುವ ಏರ್ಪಾಡಿತ್ತು. ನಮ್ಮ ಕಡೆಯಲ್ಲಿಯೂ ಈ ಕಸುಬಿನವರು ಸಾಹಿತ್ಯದೊಳಗೆ ಬಂದಿದ್ದಾರೆ. ಶೂದ್ರಕನ ‘ಮೃಚ್ಛಕಟಿಕ’ದ ಸಂವಾಹಕ, ಜೂಜಿನ ಸಾಲಕ್ಕೆ ಸಿಕ್ಕಿ ಓಡುವವನು, ಮೈ ನೀವುವ ಕೆಲಸದವನೇ ಅಲ್ಲವೆ? ಕೊನೆಗೆ ಅವನು ಬೇಸತ್ತು ಬೌದ್ಧ ಭಿಕ್ಷುವಾಗುತ್ತಾನೆ. ಜಪಾನಿನಲ್ಲಿ ನಡೆದದ್ದು ಬೇರೆ. ಅಲ್ಲಿ ಈ ವಿದ್ಯೆ ಕುರುಡರ ಸೊತ್ತಾಯಿತು.

ಹೀಗಾಗುವುದಕ್ಕೆ ಕಾರಣ ಕುರುಡರ ಒಂದು ಸಂಘ. ‘ತೋದೋಜಾ’ ಎಂದು ಅದರ ಹೆಸರು. ಹದಿನಾಲ್ಕನೆಯ ಶತಮಾನದಲ್ಲಿ ಬಿವಾ ಎಂಬ ತಂತೀವಾದ್ಯ ನುಡಿಸುತ್ತ ಯುದ್ಧದ ಕಥೆ ಹಾಡುತ್ತಿದ್ದ ಅಂಧ ಗಾಯಕರು ಕಟ್ಟಿಕೊಂಡ ಕೂಟ ಅದು. ತೊಕುಗಾವಾ ಮನೆತನದ ಆಳಿಕೆಯಲ್ಲಿ ಅದಕ್ಕೆ ಸರ್ಕಾರದ ರಕ್ಷಣೆ ದೊರೆಯಿತು. ಸಂಘದೊಳಗೆ ಮೆಟ್ಟಿಲು ಮೆಟ್ಟಿಲಾಗಿ ಪದವಿಗಳಿದ್ದವು: ಎಲ್ಲಕ್ಕೂ ಮೇಲೆ ‘ಕೆಂಗ್ಯೋ’, ಕೆಳಗೆ ‘ಜಾತೋ’. ಚಿತ್ರದ ನಾಯಕನ ಹೆಸರಿನೊಳಗೆ ಅಡಗಿರುವುದು ಈ ಕೆಳಗಿನ ಪದವಿಯೇ. ಹಾಡು, ಸೂಜಿ ಚುಚ್ಚುವ ಚಿಕಿತ್ಸೆ, ಅಂಗಮರ್ದನ, ಈ ಮೂರು ಅವರ ಜೀವನೋಪಾಯಗಳು. ಪದವಿಗಳನ್ನು ಹಣ ಕೊಟ್ಟು ಏರಬೇಕಾಗಿತ್ತು. ಬಡ್ಡಿಗೆ ಸಾಲ ಕೊಡುವ ಹಕ್ಕೂ ಸಂಘದವರಿಗೆ ಇತ್ತು, ಆ ಬಡ್ಡಿಯೂ ಕಡಿಮೆಯದಲ್ಲ. ಕುರುಡರೆಂದ ಮಾತ್ರಕ್ಕೆ ಎಲ್ಲರೂ ಸಾಧುಗಳೆಂದು ನಾವು ಭಾವಿಸಬೇಕಾಗಿಲ್ಲ.

ಅವರಲ್ಲಿ ಬಹು ದೊಡ್ಡವನು ಸುಗಿಯಾಮಾ ವಾಇಚಿ. ೧೬೧೦ರಲ್ಲಿ ಹುಟ್ಟಿ ೧೬೯೪ರಲ್ಲಿ ತೀರಿಕೊಂಡ. ಹುಡುಗನಾಗಿದ್ದಾಗ ಕಲಿತದ್ದು ತಲೆಗೆ ಹತ್ತದೆ ಗುರು ಹೊರಗೆ ಹಾಕಿದನೆಂದೂ, ಅವನು ಎನೋಶಿಮಾ ದ್ವೀಪದ ಗುಹೆಯಲ್ಲಿ ಬೆಂಜೈತೆನ್ ದೇವಿಯ ಮುಂದೆ ಉಪವಾಸವಿದ್ದು ಬೇಡಿಕೊಂಡನೆಂದೂ ಐತಿಹ್ಯ. ಈ ಬೆಂಜೈತೆನ್ ಬೇರೆ ಯಾರೂ ಅಲ್ಲ, ಬೌದ್ಧಧರ್ಮದೊಡನೆ ಸಮುದ್ರ ದಾಟಿಹೋದ ನಮ್ಮ ಸರಸ್ವತಿ. ಅಲ್ಲಿಂದ ಮರಳುವಾಗ ಕಲ್ಲೆಡವಿ ಬಿದ್ದ ಹುಡುಗನ ಕೈಗೆ ಸುರುಳಿ ಸುತ್ತಿದ ಎಲೆಯೊಳಗೆ ಸೇರಿಕೊಂಡಿದ್ದ ಒಂದು ಪೈನ್ ಮರದ ಸೂಜಿಯೆಲೆ ಸಿಕ್ಕಿತಂತೆ. ಸೂಜಿಯನ್ನು ಸಣ್ಣ ಕೊಳವೆಯಲ್ಲಿಟ್ಟು ಚುಚ್ಚುವ ಉಪಾಯ ಅವನಿಗೆ ಹೊಳೆದದ್ದು ಹಾಗೆ. ಕಣ್ಣಿಲ್ಲದವನೂ ಗುರಿ ತಪ್ಪದೆ ಚುಚ್ಚಬಹುದಾದ ಆ ಕೊಳವೆ ಇಂದಿಗೂ ಬಳಕೆಯಲ್ಲಿದೆ. ಐದನೆಯ ಶೋಗನ್ ತ್ಸುನಯೋಶಿಯ ಕಾಯಿಲೆಯನ್ನು ಅವನು ಗುಣಪಡಿಸಿದ. “ಏನು ಬೇಕು ಕೇಳು” ಎಂದಾಗ “ಒಂದು ಕಣ್ಣು” ಎಂದನಂತೆ. ಶೋಗನ್ ಅವನಿಗೆ ‘ಹಿತೋತ್ಸುಮೆ’ ಎಂಬಲ್ಲಿ ನೆಲ ಕೊಟ್ಟ. ಆ ಮಾತಿಗೆ ‘ಒಂದನೆಯದು’ ಎಂದೂ ಅರ್ಥ, ‘ಒಂದು ಕಣ್ಣು’ ಎಂದೂ ಅರ್ಥ. ಶ್ಲೇಷೆಯನ್ನು ಪಾಠ ಹೇಳುವ ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಸಿಕ್ಕಲಾರದು. ಟೋಕಿಯೋ ನಗರದ ಆ ಸ್ಥಳದಲ್ಲಿ ಅವನ ಹೆಸರಿನ ಗುಡಿ ಈಗಲೂ ಇದೆ. ಕುರುಡರಿಗೆ ಸೂಜಿ ಚಿಕಿತ್ಸೆಯನ್ನೂ ಅಂಗಮರ್ದನವನ್ನೂ ಕ್ರಮವಾಗಿ ಕಲಿಸುವ ಶಾಲೆಗಳನ್ನು ತೆರೆದವನೂ ಅವನೇ. ರಾತ್ರಿ ಹೊತ್ತು ಸಣ್ಣ ಕೊಳಲೂದುತ್ತ ಕೋಲು ತಟ್ಟುತ್ತ ಬೀದಿಯಲ್ಲಿ ಹೋಗುವ ಅನ್ಮಾದವನನ್ನು ಜನ ಮನೆಯೊಳಗೆ ಕರೆಯುತ್ತಿದ್ದರು. ನೀವಿಸಿಕೊಂಡು ಕಾಸು ಕೊಡುತ್ತಿದ್ದರು. ನಡುವೆ ಮೂರನೆಯವರು ಇರಲಿಲ್ಲ.

೧೮೭೧ರಲ್ಲಿ ಮೇಜಿ ಸರ್ಕಾರ ಸಂಘವನ್ನು ರದ್ದುಮಾಡಿತು. ಹೊಸ ಕಾಲದ ಸಮಾನತೆಯಲ್ಲಿ ಯಾರಿಗೂ ವಿಶೇಷ ಹಕ್ಕು ಬೇಡವೆಂಬುದು ತತ್ತ್ವ. ತತ್ತ್ವ ಸರಿಯೇ, ಆದರೆ ಹಕ್ಕು ಹೋದ ಮಾರನೆಯ ದಿನ ಕುರುಡನಿಗೆ ಕಣ್ಣು ಬರುವುದಿಲ್ಲವಷ್ಟೆ. ೧೯೧೧ರಲ್ಲಿ ಗೃಹಖಾತೆ ಹೊಸ ನಿಯಮಗಳನ್ನು ತಂದು, ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರು ಮಾತ್ರ ಅಂಗಮರ್ದನ ಮಾಡಬಹುದೆಂದು ವಿಧಿಸಿತು. ಕುರುಡರಿಗೆ ತುಸು ಸುಲಭವಾದ ಎರಡನೆಯ ದರ್ಜೆಯ ಪರೀಕ್ಷೆಯನ್ನೂ ಇಟ್ಟಿತು.

ಈಗ ಕಥೆಗೆ ಎರಡನೆಯ ಪಾತ್ರಧಾರಿಗಳು ಬರುತ್ತಾರೆ. ಜುಜುತ್ಸು, ಜೂಡೋ ಮೊದಲಾದ ಕುಸ್ತಿವಿದ್ಯೆಗಳ ಗುರುಗಳಿಗೆ ಶಿಷ್ಯರ ಉಳುಕು, ಕೀಲು ತಪ್ಪಿದ್ದು, ಮೂಳೆ ಮುರಿದದ್ದು ಇವನ್ನೆಲ್ಲ ಸರಿಪಡಿಸುವ ಕೈವಾಡ ತಾನಾಗಿಯೇ ಬಂದಿತ್ತು. ನಮ್ಮ ಗರಡಿಮನೆಯ ಉಸ್ತಾದರನ್ನೋ, ಪುತ್ತೂರು ಕಟ್ಟಿನವರನ್ನೋ ನೆನೆದರೆ ಓದುಗರಿಗೆ ಚಿತ್ರ ಸ್ಪಷ್ಟವಾದೀತು. ಇವರು ಸರ್ಕಾರದ ಮುಂದೆ ಬಹಳ ಹೋರಾಡಿ, ೧೯೨೦ರಲ್ಲಿ ಅಂಗಮರ್ದನದ ನಿಯಮಗಳಿಗೇ ತಂದ ಒಂದು ತಿದ್ದುಪಡಿಯ ಮೂಲಕ ಮಾನ್ಯತೆ ಪಡೆದರು. ಅಂದರೆ ಕುರುಡರ ಮನೆಯ ಜಗಲಿಯಲ್ಲಿ ಇವರಿಗೆ ಜಾಗ ದೊರೆಯಿತು. ಇವರನ್ನು ಜೂಡೋ ಮೂಳೆವೈದ್ಯರೆಂದು ಕರೆಯೋಣ.

ಅಷ್ಟರಲ್ಲಿ ವಿಮೆ ಬಂತು. ಜಪಾನಿನ ಆರೋಗ್ಯ ವಿಮಾ ಶಾಸನ ೧೯೨೨ರಲ್ಲಿ ಆಯಿತು. ಮಾರನೆಯ ವರ್ಷದ ಮಹಾ ಭೂಕಂಪದ ದೆಸೆಯಿಂದ ತಡವಾಗಿ, ೧೯೨೭ರಿಂದ ಕಾರ್ಮಿಕರ ಚಿಕಿತ್ಸೆಗೆ ಹಣ ದೊರೆಯತೊಡಗಿತು. ಡಾಕ್ಟರ ಬಳಿಗೆ ಹೋದವನಿಗೆ ಚಿಕಿತ್ಸೆಯೇ ವಿಮೆಯ ಲೆಕ್ಕದಲ್ಲಿ ಸಿಕ್ಕುತ್ತದೆ. ಡಾಕ್ಟರಲ್ಲದವರ ಬಳಿಗೆ ಹೋದರೆ? ಆಗ ರೋಗಿ ಪೂರ್ತಿ ಹಣವನ್ನು ಮೊದಲು ಕೈಯಿಂದ ಕೊಡಬೇಕು. ಆಮೇಲೆ ಅರ್ಜಿ ಹಾಕಿ, ರಸೀತಿ ಲಗತ್ತಿಸಿ, ವಿಮೆಯವರು ಒಪ್ಪಿದರೆ ತನ್ನ ಪಾಲು ಕಳೆದು ಉಳಿದದ್ದನ್ನು ಹಿಂದಕ್ಕೆ ಪಡೆಯಬೇಕು. ಕೇಳುವುದಕ್ಕೆ ಇದು ಸಣ್ಣ ವಿಷಯ. ದಿನಗೂಲಿಯವನಿಗೆ ‘ಮೊದಲು ಕೊಡು, ಆಮೇಲೆ ಬರುತ್ತದೆ’ ಎಂಬ ಮಾತಿಗೂ ‘ಇಲ್ಲ’ ಎಂಬ ಮಾತಿಗೂ ಬಹಳ ಅಂತರವಿಲ್ಲ.

೧೯೩೬ರಲ್ಲಿ ಜೂಡೋ ಮೂಳೆವೈದ್ಯರ ಸಂಘದವರು ಈ ಗಂಟನ್ನು ಬಿಚ್ಚಿಕೊಂಡರು. ಅವರ ಉಪಾಯ ಒಂದು ಬಗೆಯ ಮುಖ್ತ್ಯಾರಿ. ರೋಗಿ ತನಗೆ ಬರಬೇಕಾದ ವಿಮೆಯ ಹಣವನ್ನು ವಸೂಲು ಮಾಡುವ ಅಧಿಕಾರವನ್ನು ವೈದ್ಯನಿಗೇ ರುಜು ಹಾಕಿ ಒಪ್ಪಿಸಿಬಿಡುತ್ತಾನೆ. ತನ್ನ ಪಾಲಿನಷ್ಟು ಮಾತ್ರ ಕೊಟ್ಟು ಮನೆಗೆ ಹೋಗುತ್ತಾನೆ. ಉಳಿದ ಓಡಾಟವೆಲ್ಲ ವೈದ್ಯನದು. ಮೂಳೆಯ ಡಾಕ್ಟರು ಆಗ ಅಪರೂಪ, ಪೆಟ್ಟು ಬಿದ್ದವನು ಕಾಯಲಾರ, ಎಂಬ ಕಾರಣಕ್ಕೆ ಸರ್ಕಾರ ಇದನ್ನು ಒಪ್ಪಿತು. ಮುರಿದ ಮೂಳೆಗೂ ತಪ್ಪಿದ ಕೀಲಿಗೂ, ತುರ್ತಿನ ಹೊತ್ತನ್ನು ಬಿಟ್ಟರೆ, ಡಾಕ್ಟರ ಒಪ್ಪಿಗೆ ಬೇಕು. ಉಳುಕಿಗೂ ಗುಮ್ಮುಪೆಟ್ಟಿಗೂ ಅದೂ ಬೇಡ.

ಅಂಗಮರ್ದನದವರಿಗೆ ಇದು ದೊರೆಯಲಿಲ್ಲ. ಒಂದೇ ನಿಯಮದ ಸೂರಿನಡಿಯಲ್ಲಿದ್ದ ಎರಡು ಕಸುಬುಗಳಲ್ಲಿ ಒಂದಕ್ಕೆ ಬಾಗಿಲು ತೆರೆಯಿತು, ಇನ್ನೊಂದಕ್ಕೆ ಮುಚ್ಚಿಯೇ ಇತ್ತು. ಜಗಲಿಯವರು ನಡುಮನೆಗೆ ಹೋದರು, ಮನೆಯವರು ಜಗಲಿಯಲ್ಲಿಯೇ ಉಳಿದರು.

ಯುದ್ಧದಲ್ಲಿ ಸೋತ ಮೇಲೆ ಇನ್ನೂ ದೊಡ್ಡ ಅಪಾಯ ಬಂತು. ೧೯೪೭ರಲ್ಲಿ ಆಕ್ರಮಿತ ಜಪಾನನ್ನು ಆಳುತ್ತಿದ್ದ ಅಮೆರಿಕನ್ ಸೇನಾಡಳಿತದ ವೈದ್ಯಾಧಿಕಾರಿಗಳು ಸೂಜಿ, ಸುಡುಚಿಕಿತ್ಸೆ, ಅಂಗಮರ್ದನ ಇವೆಲ್ಲ ಅಶಾಸ್ತ್ರೀಯ, ನಿಲ್ಲಿಸತಕ್ಕದ್ದು ಎಂಬ ನಿಲುವು ತಾಳಿದರು. ಅಂಧಶಾಲೆಗಳ ಅಧ್ಯಾಪಕರು, ವಿದ್ಯಾರ್ಥಿಗಳು, ಕಸುಬಿನವರು ಒಟ್ಟಾಗಿ ವಿರೋಧಿಸಿದರು. ಅವರಿಗೆ ಅದು ಶಾಸ್ತ್ರದ ಚರ್ಚೆಯಲ್ಲ, ಅನ್ನದ ಪ್ರಶ್ನೆ. ಕೊನೆಗೆ ಅದೇ ವರ್ಷದ ಡಿಸೆಂಬರಿನಲ್ಲಿ ಶಾಸನವೊಂದು ಆಗಿ, ಪರೀಕ್ಷೆ ಪರವಾನಗಿಗಳ ಕಟ್ಟಿನೊಳಗೆ ಎಲ್ಲ ಕಸುಬುಗಳೂ, ಜೂಡೋ ಮೂಳೆವೈದ್ಯವೂ ಸೇರಿ, ಬದುಕಿಕೊಂಡವು.

ಬದುಕಿದ್ದೇನೋ ಸರಿ, ವಿಮೆಯ ಚೀಟಿ ಮಾತ್ರ ಬಿಡಲಿಲ್ಲ. ೧೯೫೦ರಲ್ಲಿ ಹೊರಟ ಒಂದು ಸರ್ಕಾರಿ ಸುತ್ತೋಲೆ, ಅಂಗಮರ್ದನಕ್ಕೂ ಸೂಜಿ ಚಿಕಿತ್ಸೆಗೂ ವಿಮೆಯ ಹಣ ಬೇಕಾದರೆ ಡಾಕ್ಟರ ಸಮ್ಮತಿಪತ್ರ ಇರಲೇಬೇಕೆಂದು ಬಿಗಿಮಾಡಿತು. ಅಂಗಮರ್ದನದ ಮಟ್ಟಿಗೆ ಒಪ್ಪಿಗೆಯಾಗುವ ಬಾಧೆಗಳು ಮುಖ್ಯವಾಗಿ ಎರಡು: ಲಕ್ವ ಹೊಡೆದು ಸ್ನಾಯು ಸತ್ತಂತಾದದ್ದು, ಕೀಲು ಹಿಡಿದುಕೊಂಡು ಮಡಿಸಲಾಗದ್ದು.

ಟೋಕಿಯೋದ ರೈಲು ನಿಲ್ದಾಣದ ಮೆಟ್ಟಿಲಿನಲ್ಲಿ ಒಬ್ಬ ಮುದುಕಿ ಬಿದ್ದಳೆಂದುಕೊಳ್ಳೋಣ. ಕಾಲು ಉಳುಕಿದರೆ ಅಂದೇ ಸಂಜೆ ಜೂಡೋ ವೈದ್ಯನಲ್ಲಿಗೆ ಹೋಗಿ, ರುಜು ಹಾಕಿ, ತನ್ನ ಪಾಲು ಕೊಟ್ಟು, ನೀವಿಸಿಕೊಂಡು ಮನೆ ಸೇರಬಹುದು. ಮೊಣಕೈ ಮುರಿದು, ಕಟ್ಟು ಬಿಚ್ಚಿದ ಮೇಲೆ ಕೀಲು ಮರಗಟ್ಟಿ ನಿಂತರೆ, ಅಂದರೆ ಗಾಯ ದೊಡ್ಡದಾದರೆ, ನೀವುವ ಕೈಯನ್ನು ತಲುಪುವ ಮೊದಲು ಅವಳು ಡಾಕ್ಟರನ್ನು ಕಾಣಬೇಕು, ಅವರು ಸಮ್ಮತಿಪತ್ರ ಬರೆಯಲು ಒಪ್ಪಬೇಕು, ಪೂರ್ತಿ ಹಣ ಕೈಯಲ್ಲಿರಬೇಕು, ಮೂರು ತಿಂಗಳಿಗೊಮ್ಮೆ ಒಪ್ಪಿಗೆ ಹೊಸದಾಗಬೇಕು. ಡಾಕ್ಟರು ಹಲವರು ಬರೆಯಲು ಹಿಂಜರಿಯುತ್ತಿದ್ದರು. ತಾವು ಕಲಿಯದ ಚಿಕಿತ್ಸೆಗೆ ತಾವು ಹೊಣೆಯಾಗುವುದು ಹೇಗೆ ಎಂಬುದು ಅವರ ಮಾತು. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಸಮ್ಮತಿಪತ್ರದ ನಮೂನೆ ಮೈಯನ್ನು ಐದು ಭಾಗ ಮಾಡುತ್ತದೆ: ಮುಂಡ, ಬಲಗೈ, ಎಡಗೈ, ಬಲಗಾಲು, ಎಡಗಾಲು. ಡಾಕ್ಟರು ಗುರುತು ಹಾಕಿದ ಭಾಗಕ್ಕೆ ಮಾತ್ರ ಹಣ. ಶಾಯಿಯ ಅಕ್ಷರದಲ್ಲಿರುವ ಈ ನಮೂನೆಯನ್ನು ಕಣ್ಣಿಲ್ಲದ ಅಂಗಮರ್ದಕ ಇನ್ನೊಬ್ಬರಿಂದ ಓದಿಸಿಕೊಳ್ಳಬೇಕು. ಜಪಾನೀ ಬ್ರೈಲ್ ಲಿಪಿ ೧೮೯೦ರಲ್ಲಿಯೇ ಸಿದ್ಧವಾಯಿತು, ಅಂಧಶಾಲೆಗಳಲ್ಲಿ ಪಾಠ ನಡೆಯುವುದು ಅದರಲ್ಲಿಯೇ. ವಿಮೆಯ ಲೆಕ್ಕ ಬರೆಯುವುದು ಮಾತ್ರ ಶಾಯಿಯಲ್ಲಿ.

ಅಂಗಮರ್ದಕನೇ ರೋಗಿಯ ಪರವಾಗಿ ಹಣ ಪಡೆಯಲು ಕೆಲವು ವಿಮಾ ಸಂಸ್ಥೆಗಳು ತಾವಾಗಿ ಅನುಮತಿ ಕೊಡುತ್ತಿದ್ದವೆಂಬುದನ್ನೂ ಹೇಳಬೇಕು. ಆದರೆ ಅದು ದಾಕ್ಷಿಣ್ಯ, ಹಕ್ಕಲ್ಲ. ಬೇರೊಂದು ಸಂಸ್ಥೆ ಒಲ್ಲೆನೆಂದರೆ ಅಲ್ಲಿಗೆ ಮುಗಿಯಿತು.

ನ್ಯಾಯಾಲಯಗಳ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ೧೯೬೪ರಲ್ಲಿ ಶಾಸನಕ್ಕೆ ೧೯ನೆಯ ವಿಧಿ ಸೇರಿತು. ಕುರುಡರ ಜೀವನೋಪಾಯಕ್ಕೆ ಧಕ್ಕೆಯಾಗುವುದಾದರೆ, ಕಣ್ಣುಳ್ಳವರಿಗೆ ಅಂಗಮರ್ದನ ಕಲಿಸುವ ಹೊಸ ಶಾಲೆಗಳಿಗೆ ಅನುಮತಿ ನಿರಾಕರಿಸಬಹುದೆಂದು ಅದು ಹೇಳುತ್ತದೆ. ೧೯೭೦ರಲ್ಲಿ ಜೂಡೋ ಮೂಳೆವೈದ್ಯರು ತಮ್ಮದೇ ಶಾಸನ ಮಾಡಿಸಿಕೊಂಡು ಬೇರೆ ಮನೆ ಹೂಡಿದರು. ೧೯೯೮ರಲ್ಲಿ, ಅವರ ಶಾಲೆಯೊಂದಕ್ಕೆ ಸರ್ಕಾರ ಮಾನ್ಯತೆ ನಿರಾಕರಿಸಿದ್ದು ತಪ್ಪೆಂದು ಫುಕುಓಕಾದ ನ್ಯಾಯಾಲಯ ತೀರ್ಪು ಕೊಟ್ಟಿತು. ಅಲ್ಲಿಯತನಕ ೧೪ ಇದ್ದ ಶಾಲೆಗಳು ಮುಂದೆ ನೂರನ್ನು ದಾಟಿದವು. ಓಣಿಗೊಂದು ಚಿಕಿತ್ಸಾಲಯವಾಯಿತು. ಅಂಗಮರ್ದನದ ೧೯ನೆಯ ವಿಧಿಯನ್ನು ಮಾತ್ರ ಸರ್ವೋಚ್ಚ ನ್ಯಾಯಾಲಯ ೨೦೨೨ರ ಫೆಬ್ರವರಿಯಲ್ಲಿ ಸಂವಿಧಾನಸಮ್ಮತವೆಂದೇ ಎತ್ತಿಹಿಡಿಯಿತು. ಈ ವಿಧಿ ಕುರುಡನಿಗೆ ಕಸುಬನ್ನು ಕಾಯ್ದುಕೊಟ್ಟಿದೆ. ಗಿರಾಕಿಯನ್ನು ಕಾಯ್ದುಕೊಡುವುದು ವಿಧಿಯ ಕೈಯಲ್ಲಿಲ್ಲ. ಎದುರು ಬಾಗಿಲಿನಲ್ಲಿ ಚೀಟಿಯಿಲ್ಲದೆ ನೀವುವಾಗ, ಚೀಟಿ ಕೇಳುವ ಬಾಗಿಲಿಗೆ ಯಾರು ಬಂದಾರು? ಈಗ ಈ ಕಸುಬಿನಲ್ಲಿಯೂ ಕಣ್ಣುಳ್ಳವರೇ ಹೆಚ್ಚಿನವರು.

ಚೀಟಿಯನ್ನು ತೆಗೆದುಬಿಟ್ಟರೆ ಎಲ್ಲವೂ ನೇರ್ಪಾಗುವುದೆ? ಜೂಡೋ ವೈದ್ಯರ ಅನುಭವ ಹಾಗೆ ಹೇಳುವುದಿಲ್ಲ. ತಿಂಗಳ ಮೊದಲ ದಿನವೇ ಬರಿಯ ನಮೂನೆಗೆ ರೋಗಿಯ ರುಜು ಪಡೆದು ಆಮೇಲೆ ಲೆಕ್ಕ ತುಂಬುವುದು, ಹಳೆಯ ಬೆನ್ನುನೋವನ್ನು ನೆನ್ನೆಯ ಉಳುಕೆಂದು ಬರೆಯುವುದು, ಒಂದು ಕೀಲಿನ ಉಳುಕನ್ನು ಮೂರು ಮಾಡುವುದು, ಇಂಥ ದೂರುಗಳು ಬೆಳೆದವು. ೨೦೧೫ರಲ್ಲಿ, ಇಂಥ ಚಿಕಿತ್ಸಾಲಯಗಳ ಹೆಸರಿನಲ್ಲಿ ಸುಳ್ಳು ಲೆಕ್ಕ ಕೊಟ್ಟು ವಿಮೆಯ ಹಣ ಎತ್ತಿದ ಗೂಂಡಾಪಡೆಯವರನ್ನು ಟೋಕಿಯೋ ಪೊಲೀಸರು ಬಂಧಿಸಿದರು. ೨೦೨೨ರ ಜೂನಿನಿಂದ, ಸಂಶಯ ಬಂದ ರೋಗಿಗಳಿಗೆ ಮುಖ್ತ್ಯಾರಿಯನ್ನು ನಿಲ್ಲಿಸಿ ‘ಮೊದಲು ಕೊಡು, ಆಮೇಲೆ ಪಡೆ’ ಎಂಬ ಹಳೆಯ ದಾರಿಗೆ ತಳ್ಳುವ ಅಧಿಕಾರ ವಿಮೆಯವರಿಗೆ ಬಂದಿದೆ. ಕಳ್ಳತನ ನಡೆದದ್ದು ನಿಜ. ಆದರೆ ಒಂದು ಕಡೆಯ ಕಳ್ಳತನವನ್ನು ತೋರಿಸಿ ಇನ್ನೊಂದು ಕಡೆಯ ಕುರುಡನಿಂದ ಚೀಟಿ ಕೇಳುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ವಿಮೆಯವರು ಕಾಯಬೇಕಾದದ್ದು ಸುಳ್ಳು ಲೆಕ್ಕವನ್ನು. ಅವರು ಕಾಯುತ್ತ ಬಂದದ್ದು ಬಾಗಿಲನ್ನು.

ಅಂತೂ ೨೦೧೮ರ ಅಕ್ಟೋಬರಿನಲ್ಲಿ ಬದಲಾವಣೆ ಆರಂಭವಾಯಿತು. ಡಾಕ್ಟರ ಒಪ್ಪಿಗೆಯ ಅವಧಿ ಮೂರು ತಿಂಗಳಿದ್ದದ್ದು ಆರು ತಿಂಗಳಾಯಿತು. ಬಿಟ್ಟಿಯಲ್ಲ: ಅಲ್ಲಿಯತನಕ ಎರಡನೆಯ ಸಲದ ಒಪ್ಪಿಗೆಯನ್ನು ಡಾಕ್ಟರು ಬಾಯಿಮಾತಿನಲ್ಲಿ ಕೊಟ್ಟರೂ ನಡೆಯುತ್ತಿತ್ತು, ಈಗ ಪ್ರತಿಸಲವೂ ರೋಗಿಯನ್ನು ನೋಡಿ ಬರೆದೇ ಕೊಡಬೇಕು. ಬರೆದ ಡಾಕ್ಟರಿಗೆ ವಿಮೆಯ ಲೆಕ್ಕದಲ್ಲಿ ೧೦೦ ಅಂಕ, ಎಂದರೆ ೧,೦೦೦ ಯೆನ್. ಇದರೊಡನೆ ಬಂದ ಇನ್ನೊಂದು ಸಣ್ಣ ಏರ್ಪಾಡು ನನಗೆ ಬಹಳ ಹಿಡಿಸಿತು. ಅಂಗಮರ್ದಕ ತಾನು ಏನು ಮಾಡಿದೆ, ರೋಗಿ ಹೇಗಿದ್ದಾನೆ ಎಂದು ಡಾಕ್ಟರಿಗೆ ವರದಿ ಬರೆದು ಕಳುಹಿಸಬಹುದು; ಅದಕ್ಕೆ ಅವನಿಗೂ ಒಂದು ಸಣ್ಣ ಶುಲ್ಕ ಉಂಟು. ಅಷ್ಟು ಕಾಲ ಕಾಗದ ಬರುತ್ತಿದ್ದದ್ದು ಮೇಲಿಂದ ಕೆಳಕ್ಕೆ. ಈಗ ನೀವುವ ಕೈಯಿಂದಲೂ ಒಂದು ಕಾಗದ ಮೇಲಕ್ಕೆ ಹೋಗುತ್ತದೆ.

೨೦೧೯ರ ಜನವರಿ ೧ರಿಂದ ಅಂಗಮರ್ದನಕ್ಕೂ ಸೂಜಿ ಚಿಕಿತ್ಸೆಗೂ ಮುಖ್ತ್ಯಾರಿ ಪದ್ಧತಿ ಅನ್ವಯವಾಯಿತು. ಜೂಡೋ ವೈದ್ಯರಿಗೆ ದೊರೆತ ೮೩ ವರ್ಷಗಳ ಮೇಲೆ! ಆಗಲೂ ಅದಕ್ಕೆ ಸೇರುವುದು ಬಿಡುವುದು ಆಯಾ ವಿಮಾ ಸಂಸ್ಥೆಯ ಇಚ್ಛೆ. ಉದ್ಯೋಗಿಗಳ ವಿಮಾ ಸಂಘಗಳಲ್ಲಿ ಕೆಲವು ಹೊರಗೇ ಉಳಿದವು. ಆದರೂ ಲಕ್ವ ಹೊಡೆದು ಮನೆಯಲ್ಲಿ ಮಲಗಿದ ಮುದುಕನ ಮಟ್ಟಿಗೆ ಇದು ಸಣ್ಣದಲ್ಲ. ವಿಮೆಯ ಅಂಗಮರ್ದನ ಈಗ ಬಹುಮಟ್ಟಿಗೆ ನಡೆಯುವುದು ಇಂಥವರ ಮನೆಗಳಲ್ಲಿಯೇ. ಅಂಗಮರ್ದಕ ಮನೆಗೆ ಬರುತ್ತಾನೆ, ಸೆಟೆದ ತೋಳನ್ನು ನೀವುತ್ತಾನೆ, ರೋಗಿ ತನ್ನ ಪಾಲು ಕೊಡುತ್ತಾನೆ, ಉಳಿದದ್ದು ಕಾಗದದ ಮೇಲೆ ನಡೆಯುತ್ತದೆ. ಕೊಳಲಿನ ದನಿ ಕೇಳಿ ಒಳಗೆ ಕರೆಯುತ್ತಿದ್ದ ಮನೆಗೇ ಅವನು ತಿರುಗಿ ಬಂದಂತಾಯಿತು, ಆರು ತಿಂಗಳಿಗೊಮ್ಮೆ ಡಾಕ್ಟರ ರುಜು ಹಿಡಿದುಕೊಂಡು.

ನನ್ನ ಮೂರನೆಯ ಅರ್ಜಿ ಹೋಗಿ ಎರಡು ತಿಂಗಳಾಯಿತು. ಈ ಸಲ ಸರದಿಗಳ ಸಂಖ್ಯೆಯೂ ಇದೆ, ತಾರೀಖೂ ಸರಿಯಾಗಿದೆ. ಮಣಿಕಟ್ಟು ಈಗ ಮಡಿಸುತ್ತದೆ. ಈ ಲೇಖನವನ್ನು ಬಲಗೈಯಲ್ಲಿಯೇ ಬರೆದಿದ್ದೇನೆ.